ಕುಣಿಯುತ್ತಲೇ ಬೇಲಿ ದಾಟಿದ ಪಿಟೀಲಿನ ಮಟ್ಟು

ಹಳ್ಳಿಯ ಪಿಟೀಲಿನ ಮಟ್ಟೊಂದು ರಾಕ್ ಅಂಡ್ ರೋಲ್‌ಗೆ ಬೇರಾಯಿತು ಎಂದರೆ ನಂಬುತ್ತೀರಾ? ನಂಬಲೇಬೇಕು, ದಾರಿಯುದ್ದಕ್ಕೂ ರೆಕಾರ್ಡುಗಳ ಸಾಕ್ಷಿಯಿದೆ!

‘ಐಡಾ ರೆಡ್’. ಅಮೆರಿಕದ ದಕ್ಷಿಣದ ಹಳ್ಳಿಗಳಲ್ಲಿ ಕುಣಿತಕ್ಕೆಂದೇ ನುಡಿಸುತ್ತಿದ್ದ, ಕಿವಿಯಿಂದ ಕಿವಿಗೆ ದಾಟಿ ಬಂದ ಮಟ್ಟು. 1924ರಲ್ಲಿ ವರ್ಜೀನಿಯಾದ ಫಿಡ್ಲಿನ್ ಪವರ್ಸ್ ಕುಟುಂಬ ಅದನ್ನು ರೆಕಾರ್ಡ್ ಮಾಡಿತು. ಅಷ್ಟಕ್ಕೇ ನಿಂತಿದ್ದರೆ ಅದೊಂದು ಜಾನಪದದ ತುಣುಕಾಗಿ ಉಳಿಯುತ್ತಿತ್ತು. ಆದರೆ ಅದು ಬಾಬ್ ವಿಲ್ಸ್ ಕೈಗೆ ಸಿಕ್ಕಿತು!

1905ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿದ ವಿಲ್ಸ್‌ಗೆ ಪಿಟೀಲು ಅಪ್ಪನಿಂದ ಬಂತು. ಬ್ಲೂಸ್ ಬಂದದ್ದು ಹತ್ತಿ ಹೊಲದಲ್ಲಿ ಜೊತೆಗೆ ದುಡಿಯುತ್ತಿದ್ದ ಕಪ್ಪು ಜನರಿಂದ. ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಹಾಡು ಕೇಳಲು 50 ಮೈಲಿ ಕುದುರೆಯ ಮೇಲೆ ಹೋಗಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಈ ಎರಡು ಧಾರೆ ಕೂಡಿ, ಡ್ರಮ್, ಸ್ಟೀಲ್ ಗಿಟಾರ್, ಪಿಯಾನೋ, ಊದುವ ವಾದ್ಯಗಳೂ ಸೇರಿದಾಗ ಮೊಳಗಿದ್ದೇ ವೆಸ್ಟರ್ನ್ ಸ್ವಿಂಗ್. ಒಕ್ಲಹೋಮಾದ ಟಲ್ಸಾ ನಗರದ ರೇಡಿಯೋದಿಂದ ಅದು ಮನೆಮನೆಗೆ ನುಗ್ಗಿತು.

1938ರಲ್ಲಿ ವಿಲ್ಸ್ ಮತ್ತು ಅವರ ಟೆಕ್ಸಸ್ ಪ್ಲೇಬಾಯ್ಸ್ ತಂಡ ಡಲ್ಲಾಸ್‌ನಲ್ಲಿ ‘ಐಡಾ ರೆಡ್’ ನುಡಿಸಿದ್ದನ್ನು ಕೇಳಬೇಕು! ತಾಳ ಬಿರುಸಾಗಿ ಓಡುತ್ತದೆ, ಕಮಾನು ಅದರ ಬೆನ್ನಟ್ಟುತ್ತದೆ. ತಂಡದ ಗಾಯಕ ಟಾಮಿ ಡಂಕನ್ ಚರಣ ಹಾಡಿ ಮುಗಿಸುವುದೇ ತಡ, ಹುಡುಗರೆಲ್ಲ ಒಕ್ಕೊರಲಿಂದ ಪಲ್ಲವಿಗೆ ಎಗರುತ್ತಾರೆ. ಅಚ್ಚರಿಯೆಂದರೆ, ಆ ಚರಣಗಳಲ್ಲಿ ಹಲವು 1878ರಲ್ಲಿ ಫ್ರೆಡರಿಕ್ ರೂಟ್ ಪ್ರಕಟಿಸಿದ್ದ ‘ಸಂಡೇ ನೈಟ್’ ಎಂಬ ಹಾಡಿನವು! ಹಳ್ಳಿಯ ಮಟ್ಟಿಗೆ ಪೇಟೆಯ ಪದ್ಯ, ಅದಕ್ಕೆ ಜಾಝ್‌ನ ಲಯ.

ಇನ್ನೂ ಇದೆ. ಸೇಂಟ್ ಲೂಯಿಸ್‌ನ ಕಪ್ಪು ಯುವಕನೊಬ್ಬ ಇದೇ ಹಾಡಿನ ಗುಂಗಿನಲ್ಲಿ ಹೊಸದೊಂದನ್ನು ಕಟ್ಟಿಕೊಂಡು, 1955ರ ಮೇ ತಿಂಗಳಲ್ಲಿ ಷಿಕಾಗೋದ ಚೆಸ್ ರೆಕಾರ್ಡ್ಸ್‌ಗೆ ಬಂದ. ಅಲ್ಲಿ ಹೆಸರು ಬದಲಾಯಿತು, ಪಿಟೀಲಿನ ಜಾಗದಲ್ಲಿ ಗಿಟಾರ್ ಕೆರಳಿತು, ಕಥೆಯಲ್ಲಿ ಫೋರ್ಡ್ ಕಾರು ಕ್ಯಾಡಿಲಾಕ್‌ನ ಬೆನ್ನು ಹತ್ತಿತು. ರಾಕ್ ಅಂಡ್ ರೋಲ್‌ನ ಮೊದಮೊದಲ ಹಾಡುಗಳಲ್ಲೊಂದಾದ ಅದು ‘ಮೇಬಲೀನ್’, ಯುವಕ ಚಕ್ ಬೆರ್ರಿ!

ಕಪ್ಪು ಜನರಿಂದ ಬಿಳಿಯ ಪಿಟೀಲುಗಾರನೊಬ್ಬ ಕಲಿತ ಲಯ, ಮಟ್ಟಿನ ಹೆಗಲೇರಿ ಕಪ್ಪು ಗಿಟಾರ್‌ವಾದಕನೊಬ್ಬನಿಗೆ ಮರಳಿ ತಲುಪಿತ್ತು. ದಕ್ಷಿಣದ ರಾಜ್ಯಗಳಲ್ಲಿ ಕಾನೂನು ಜನರನ್ನು ಬೇರೆ ಬೇರೆ ಕೂರಿಸುತ್ತಿದ್ದ ಕಾಲದಲ್ಲೇ ಸಂಗೀತ ಹೀಗೆ ಬೇಲಿ ಹಾರುತ್ತಿತ್ತು. 1999ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ವಿಲ್ಸ್ ಅವರನ್ನು ಆರಂಭಿಕ ಪ್ರೇರಕರ ಸಾಲಿಗೆ ಸೇರಿಸಿಕೊಂಡಿತು.

1924, 1938, 1955: ಮೂರನ್ನೂ ಒಂದರ ಹಿಂದೊಂದು ಕೇಳಿ. ಮೂರನೆಯದಕ್ಕೆ ಬರುವಷ್ಟರಲ್ಲಿ ಕಾಲು ತಾನೇ ತಾಳ ಹಾಕದಿದ್ದರೆ ಹೇಳಿ!