ಹೀರೋ ಓಡಿಸಿದ ಕಾರು... ಖರ್ಚು ಯಾರದ್ದು ಸ್ವಾಮಿ?

ಹೀರೋ ಓಡಿ ಬರ್ತಾನೆ. ಧಡಾರಂತ ಬಾಗಿಲು ಹಾಕಿಕೊಂಡು ಸರ್ರನೆ ಹೊರಟೇ ಬಿಡ್ತಾನೆ! ಘಾಟಿಯ ತಿರುವಿನಲ್ಲಿ ಚಕ್ರ ಕಿರುಗುಟ್ಟುತ್ತದೆ, ಹಿಂದೆ ವಿಲನ್ ಕಾರು, ಮುಂದೆ ಪ್ರಪಾತ, ಥಿಯೇಟರ್ ತುಂಬಾ ಶಿಳ್ಳೆ! ಎಲ್ಲಾ ಸರಿ ಗೆಳೆಯರೇ, ಆದರೆ ನಮ್ಮ ಹೀರೋ ಪೆಟ್ರೋಲ್ ಬಂಕಿನಲ್ಲಿ ನಿಂತು ನೋಟು ಎಣಿಸಿದ್ದನ್ನು ನೀವು ಎಂದಾದರೂ ನೋಡಿದ್ದೀರಾ? ಇನ್ಶೂರೆನ್ಸ್ ಮುಗಿಯಿತಲ್ಲಾ ಅಂತ ತಲೆ ಮೇಲೆ ಕೈ ಹೊತ್ತಿದ್ದನ್ನು?

ತೆರೆಯ ಮೇಲೆ ಕಾರು ಅಂದರೆ ಓಟ. ಮನೆ ಮುಂದೆ ಕಾರು ಅಂದರೆ ಲೆಕ್ಕ. ಈ ಲೆಕ್ಕ 50 ವರ್ಷದಲ್ಲಿ ತಲೆಕೆಳಗಾಗಿದೆ. ಆಗ ಕಾರು ಕೊಳ್ಳುವುದು ಕಷ್ಟ, ಸಾಕುವುದು ಸುಲಭ. ಈಗ ಕೊಳ್ಳುವುದು ಸುಲಭ, ಸಾಕುವುದೇ ಕಷ್ಟ!

ಕಾರು ಸಿಗೋದೇ ಒಂದು ಕಥೆ!

1970ರ ದಶಕದಲ್ಲಿ ನಮ್ಮ ರಸ್ತೆಯ ಮೇಲಿದ್ದ ಕಾರುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಬಂಗಾಳದ ಉತ್ತರಪಾಡಾದ ಅಂಬಾಸಿಡರ್, ಬೊಂಬಾಯಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್. ಮುಗಿಯಿತು! ಫಿಯೆಟ್ಟೇ 1974ರಿಂದ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಹೊತ್ತು ಬಂತು. ಹಣ ಕಟ್ಟಿದರೂ ಕಾರು ಕೈಗೆ ಬರಲು ವರ್ಷಗಟ್ಟಲೆ ಕಾಯಬೇಕು. ಹೊಸ ಕಾರಿನ ಬೆಲೆಗಿಂತ ಹೆಚ್ಚು ಕೊಟ್ಟು ಹಳೇ ಕಾರು ಒಯ್ಯುವವರೂ ಇದ್ದರು ಅಂದರೆ ನಂಬ್ತೀರಾ?

ಅದಕ್ಕೇ ಇರಬೇಕು, ಶಂಕರ್‌ನಾಗ್ 1980ರಲ್ಲಿ ತಮ್ಮ ಮೊದಲ ನಿರ್ದೇಶನದ ಚಿತ್ರ ‘ಮಿಂಚಿನ ಓಟ’ಕ್ಕೆ ಆರಿಸಿಕೊಂಡದ್ದು ಕಾರು ಕಳ್ಳರ ಕಥೆಯನ್ನು! ಅಣ್ಣ ಅನಂತ್‌ನಾಗ್ ಜೊತೆಗಿದ್ದರು, ಲೋಕನಾಥ್ ಇದ್ದರು. ಕಾರು ಅಂದರೆ ಬಂಗಾರವಾಗಿದ್ದ ಕಾಲದಲ್ಲಿ ಬಂದ ಚಿತ್ರ ಅದು.

ಕೈಗೆ ಮಸಿ, ಜೇಬಿಗೆ ಉಳಿತಾಯ

ಆ ಕಾರುಗಳು ಕೆಡುತ್ತಿರಲಿಲ್ಲವೇ? ಅಯ್ಯೋ, ಕೆಡುವುದೇ ಅವುಗಳ ಕೆಲಸ! ಬೇಸಿಗೆಯಲ್ಲಿ ಘಾಟಿ ಹತ್ತಿದರೆ ರೇಡಿಯೇಟರ್ ಕುದಿಯುತ್ತದೆ. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಬೇಕು, ಇಲ್ಲಾ ನಾಲ್ಕು ಜನ ಸೇರಿ ತಳ್ಳಬೇಕು. ಎರಡು ಮೂರು ಸಾವಿರ ಕಿಲೋಮೀಟರಿಗೆ ಎಂಜಿನ್ ಆಯಿಲ್ ಬದಲಿಸಬೇಕು, ಅಲ್ಲಲ್ಲಿ ಗ್ರೀಸ್ ಹೊಡೆಸಬೇಕು, ಬ್ಯಾಟರಿಗೆ ನೀರು ಹಾಕಬೇಕು.

ಆದರೆ ಅಷ್ಟೂ ಕೈಕೆಲಸ. ಪ್ಲಗ್ ಬಿಚ್ಚಿ ಉಜ್ಜಿದರೆ ಸರಿ, ಪಾಯಿಂಟಿಗೆ ಮರಳು ಕಾಗದ ಹಾಕಿದರೆ ಸರಿ, ಕಾರ್ಬುರೇಟರಿನ ಜೆಟ್ ಬಾಯಲ್ಲಿ ಊದಿದರೆ ಸರಿ! ಹೊಗೆ ಜಾಸ್ತಿಯಾದರೆ ಎಂಜಿನ್ ಇಳಿಸಿ ಬೋರ್ ಮಾಡಿಸಿ ಹೊಸ ಪಿಸ್ಟನ್ನು, ರಿಂಗು ಹಾಕಿದರೆ ಹಳೇ ಕಾರಿಗೆ ಮರುಜನ್ಮ. ಮರದ ಕೆಳಗೆ ಒಂದು ಡಬ್ಬ ಸ್ಪ್ಯಾನರ್ ಇಟ್ಟುಕೊಂಡು ಕೂತ ಮೇಸ್ತ್ರಿಯೇ ಡಾಕ್ಟರು. ಬಿಡಿಭಾಗ ಬೇಕೇ? ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಹೊಸದು, ಶಿವಾಜಿನಗರದ ಗುಜರಿಗೆ ಹೋದರೆ ಹಳೆಯದು. ಖರ್ಚಿನಲ್ಲಿ ದೊಡ್ಡ ಪಾಲು ಮೇಸ್ತ್ರಿಯ ಕೂಲಿ, ಆ ಕೂಲಿಯೂ ಅಗ್ಗ.

ಎಣ್ಣೆಯ ಬಿಸಿ

ಸುಖದಲ್ಲಿದ್ದವರ ಕಣ್ಣು ತೆರೆಸಿದ್ದು 1973. ಅರಬ್ ದೇಶಗಳು ಎಣ್ಣೆಯ ನಲ್ಲಿ ತಿರುಗಿಸಿದವು. ಕಚ್ಚಾ ಎಣ್ಣೆ ಪೀಪಾಯಿಗೆ ಸುಮಾರು 3 ಡಾಲರ್ ಇದ್ದದ್ದು 1974ರ ಆರಂಭಕ್ಕೆ 12ರ ಹತ್ತಿರ ಬಂತು. ನಾಲ್ಕು ಪಟ್ಟು! ನಮ್ಮಲ್ಲೂ ಬಂಕಿನ ದರ ಏರಿತು. 1973ರ ನವೆಂಬರಿನಲ್ಲಿ ಅಟಲ್ ಬಿಹಾರಿ ವಾಜಪೇಯಿ ಪ್ರತಿಭಟನೆಗಾಗಿ ಎತ್ತಿನ ಗಾಡಿಯಲ್ಲಿ ಪಾರ್ಲಿಮೆಂಟಿಗೆ ಬಂದಿಳಿದರು!

ಅಂದಿನಿಂದ ‘ಲೀಟರಿಗೆ ಎಷ್ಟು ಕೊಡುತ್ತೆ?’ ಎಂಬ ಪ್ರಶ್ನೆ ಕಾರಿನ ಜಾತಕವಾಯಿತು. ಲೀಟರಿಗೆ ಹತ್ತರ ಆಸುಪಾಸು ಓಡುವ ಅಂಬಾಸಿಡರಿಗೆ ಅದು ಶನಿಕಾಟ.

ಮಾರುತಿ ಎಂಟ್ರಿ!

1983ರ ಡಿಸೆಂಬರ್ 14. ಲಾಟರಿ ಎತ್ತಿ ಆರಿಸಿದ ಗಿರಾಕಿಗೆ ಪ್ರಧಾನಿ ಇಂದಿರಾ ಗಾಂಧಿಯವರೇ ಮೊದಲ ಮಾರುತಿ 800ರ ಕೀಲಿ ಕೊಟ್ಟರು. 796 ಸಿಸಿಯ ಪುಟ್ಟ ಎಂಜಿನ್, ಬೆಲೆ ಸುಮಾರು 50 ಸಾವಿರ ರೂಪಾಯಿ. ಕಡಿಮೆ ಕುಡಿಯುತ್ತಿತ್ತು, ಕಡಿಮೆ ಕೆಡುತ್ತಿತ್ತು. ಮೇಸ್ತ್ರಿಯ ಮನೆಗೆ ವಾರ ವಾರ ಅಲೆಯುವುದು ತಪ್ಪಿತು. ಪದ್ಮಿನಿ ಮೆಲ್ಲಗೆ ಮರೆಗೆ ಸರಿದಳು, 2014ರಲ್ಲಿ ಅಂಬಾಸಿಡರ್ ತಯಾರಿಕೆಯೂ ನಿಂತಿತು. ತಮಾಷೆ ನೋಡಿ, ಅದೇ ವರ್ಷ ಮಾರುತಿ 800 ಕೂಡ ನಿಂತಿತು!

ಮೇಸ್ತ್ರಿ ಔಟ್, ಕಂಪ್ಯೂಟರ್ ಇನ್

ಹೊಗೆಯ ಕಾಯಿದೆ ಬಿಗಿಯಾಗುತ್ತಾ ಬಂತು. 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ದೇಶದಿಂದಲೇ ಹೋಯಿತು. ಕಾರ್ಬುರೇಟರ್ ಜಾಗಕ್ಕೆ ಇಂಜೆಕ್ಷನ್ ಬಂತು. 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 6. ಗಾಳಿಗೆ ಒಳ್ಳೆಯದೇ, ಇಲ್ಲ ಅನ್ನೋಕಾಗಲ್ಲ. ಸರ್ವಿಸ್ ಕೂಡಾ ದೂರ ಸರಿಯಿತು. ಈಗಿನ ಎಷ್ಟೋ ಕಾರುಗಳಿಗೆ 10 ಸಾವಿರ ಕಿಲೋಮೀಟರಿಗೆ ಒಮ್ಮೆ ಆಯಿಲ್ ಬದಲಿಸಿದರೆ ಸಾಕು.

ಆದರೆ ಕೆಟ್ಟಿತೋ, ಕೆಟ್ಟೆವು! ಬಾನೆಟ್ ಎತ್ತಿದರೆ ಊದುವುದಕ್ಕೆ ಜೆಟ್ ಇಲ್ಲ, ಉಜ್ಜುವುದಕ್ಕೆ ಪಾಯಿಂಟ್ ಇಲ್ಲ. ಮೊದಲು ಸ್ಕ್ಯಾನರ್ ಚುಚ್ಚಿ ಕಾಯಿಲೆ ಕೇಳಬೇಕು. ರಿಪೇರಿ ಮಾಡುವ ಬದಲು ಇಡೀ ಭಾಗವನ್ನೇ ಬದಲಿಸುತ್ತಾರೆ. ಅಂದು ಬಲ್ಬು ಬದಲಿಸಿದರೆ ಆಗುತ್ತಿತ್ತು, ಇಂದು ಎಷ್ಟೋ ಕಾರುಗಳಲ್ಲಿ ಹೆಡ್‌ಲೈಟನ್ನೇ ಇಡಿಯಾಗಿ ಕೊಳ್ಳಬೇಕು. ಬಂಪರು ಬಗ್ಗಿದರೆ ಟಿಂಕರ್ ತಟ್ಟಿ ಸರಿ ಮಾಡುತ್ತಿದ್ದ. ಈಗ ಅದು ಪ್ಲಾಸ್ಟಿಕ್ಕು, ಒಡೆದರೆ ಹೊಸದೇ ಗತಿ. ಮರದ ಕೆಳಗಿನ ಮೇಸ್ತ್ರಿಯ ಮಗ ಸ್ಕ್ಯಾನರ್ ಕಲಿತರೆ ಬದುಕಿದ, ಕಲಿಯದಿದ್ದರೆ ಪಂಕ್ಚರ್ ಅಂಗಡಿಯೇ ಗತಿ.

ಹಾಗಂತ ಹಳೆಯದೆಲ್ಲಾ ಚಿನ್ನ ಅಂತಲ್ಲ. 1990ರ ಸೆಪ್ಟೆಂಬರ್ 30ರ ಬೆಳಿಗ್ಗೆ ದಾವಣಗೆರೆಯ ಆನಗೋಡಿನ ಬಳಿ ನಮ್ಮ ಶಂಕರಣ್ಣನನ್ನು ಕಸಿದುಕೊಂಡದ್ದು ಕಾರು ಅಪಘಾತವೇ. ಆ ದಿನಗಳ ನಮ್ಮ ಕಾರುಗಳಲ್ಲಿ ಏರ್‌ಬ್ಯಾಗ್ ಎಂಬ ಮಾತೇ ಇರಲಿಲ್ಲ. ಹೊಸ ಕಾರಿನಲ್ಲಿ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಕಾರಿನ ಬೆಲೆಯಲ್ಲಿ ಸೇರಿರುವ ಈ ಖರ್ಚಿಗೆ ಗೊಣಗಬೇಡಿ. ಅದು ಜೀವದ ಬೆಲೆ.

ಕೊನೇ ರೀಲು: ನಿಮ್ಮ ಲೆಕ್ಕ

ಇಂದು ಕೈಯಲ್ಲಿ ಒಂದಿಷ್ಟು ಹಣವಿದ್ದರೆ ಉಳಿದದ್ದಕ್ಕೆ ಬ್ಯಾಂಕು ಸಾಲ ಕೊಡುತ್ತೆ, ಕಾರು ಮನೆಗೆ ಬರುತ್ತೆ. ಎಷ್ಟೋ ಹುಡುಗರು ಮುಗ್ಗರಿಸುವುದು ಇಲ್ಲೇ. ಕಂತು ಎಷ್ಟು ಅಂತ ಕೇಳ್ತಾರೆ, ಆಮೇಲಿನ ಖರ್ಚು ಎಷ್ಟು ಅಂತ ಕೇಳೋದೇ ಇಲ್ಲ!

ಬನ್ನಿ, ನಾವೇ ಕೂಡಿಸೋಣ. ಬೆಂಗಳೂರಿನಲ್ಲಿ ಪೆಟ್ರೋಲ್ 100 ರೂಪಾಯಿ ದಾಟಿದ್ದು 2021ರಲ್ಲಿ. 2024ರ ಜೂನ್‌ನಲ್ಲಿ ರಾಜ್ಯ ತೆರಿಗೆ ಏರಿದಾಗ 102 ದಾಟಿತು. ಆ ದರವನ್ನೇ ಹಿಡಿಯಿರಿ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿದರೆ ಪೆಟ್ರೋಲಿಗೇ 6,800 ರೂಪಾಯಿ! ವರ್ಷದ ಇನ್ಶೂರೆನ್ಸ್, ಸರ್ವಿಸ್, ನಾಲ್ಕು ಟೈರಿನ ಸವಕಳಿ ಕೂಡಿಸಿ 12ರಿಂದ ಭಾಗಿಸಿ, ಅದನ್ನೂ ಸೇರಿಸಿ. ಹೊಸ ಕಾರಾದರೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ ಬೇರೆ, ಬೆಲೆಗೆ ತಕ್ಕಂತೆ 100ಕ್ಕೆ 13ರಿಂದ 18. ಮೇಲೆ ಸೆಸ್.

‘ಹಾಗಾದ್ರೆ ಹಳೇ ಕಾರೇ ಅಗ್ಗ’ ಅಂತೀರಾ? ತಾಳಿ! 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 5 ಸಾವಿರವಾಯಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10 ಸಾವಿರ! ಒಂದೇ ಸಮಾಧಾನ ಅಂದರೆ, 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರು ಮತ್ತು ಬಿಡಿಭಾಗಗಳ ಜಿ.ಎಸ್.ಟಿ. 28ರಿಂದ 18ಕ್ಕೆ ಇಳಿಯಿತು.

ಆದ್ದರಿಂದ ಗೆಳೆಯರೇ, ಶೋರೂಮಿಗೆ ಕಾಲಿಡುವ ಮೊದಲು ಮೂರು ತಿಂಗಳು ಒಂದು ಕೆಲಸ ಮಾಡಿ. ಕಾರು ಇದೆ ಅಂತಲೇ ತಿಳಿದು ಕಂತು, ಪೆಟ್ರೋಲು, ಉಳಿದ ಖರ್ಚು ಎಲ್ಲಾ ಸೇರಿಸಿ ಆ ಹಣವನ್ನು ಬ್ಯಾಂಕಿಗೆ ಹಾಕಿ ನೋಡಿ. ಮನೆಯಲ್ಲಿ ಅಡುಗೆ ನಡೆಯಿತು, ಅಪ್ಪ ಅಮ್ಮನ ಔಷಧಿಗೆ ಕೊರತೆಯಾಗಲಿಲ್ಲ ಅಂದರೆ ಕಾರು ತನ್ನಿ, ನಾವೇ ಶಿಳ್ಳೆ ಹೊಡೀತೀವಿ! ಆಗಲಿಲ್ಲವೋ, ಆ ಮೂರು ತಿಂಗಳ ಹಣವಂತೂ ನಿಮ್ಮ ಕೈಯಲ್ಲೇ ಇರುತ್ತೆ. ಏನಂತೀರಿ?