ಬಿಡುಗಡೆ ಪುಸ್ತಕದಲ್ಲಿ ತಪ್ಪಾಗಿ ಬಿದ್ದ ಒಂದು ಸಾಲು

1993ರ ಮಳೆಗಾಲದಲ್ಲಿ ಭದ್ರಾವತಿಯ ಹಳೇನಗರದ ಸದ್ಭಕ್ತರ ಮನೆಯೊಂದರಿಂದ ನಮಗೆ ಕರೆ ಬಂದಿತು. ಮನೆಯ ಹಿರಿಯರು ಲಿಂಗೈಕ್ಯರಾಗಿ ಹದಿನೈದು ದಿನಗಳಾಗಿದ್ದವು. ಅವರ ಕಬ್ಬಿಣದ ಪೆಟ್ಟಿಗೆಯನ್ನು ತೆರೆದಾಗ ಪಂಚೆಗಳ ಅಡಿಯಲ್ಲಿ ಬಟ್ಟೆಯಿಂದ ಸುತ್ತಿದ ಕಿರುಪುಸ್ತಕವೊಂದು ದೊರೆತಿತ್ತು. ಅದು ಸೈನ್ಯದ ಬಿಡುಗಡೆ ಪುಸ್ತಕ. ತಂದೆ ಯೌವನದಲ್ಲಿ ಸಿಪಾಯಿಯಾಗಿದ್ದರೆಂಬುದು ಮಕ್ಕಳಿಗೆ ತಿಳಿದಿತ್ತೇ ಹೊರತು, ಆ ಮಾತನ್ನು ಎತ್ತಿದಾಗಲೆಲ್ಲ ಅವರು ಏಕೆ ಎದ್ದು ಹೊರಗೆ ಹೋಗುತ್ತಿದ್ದರೆಂಬುದು ತಿಳಿದಿರಲಿಲ್ಲ. ಇಂಗ್ಲಿಷ್ ಬಲ್ಲ ಸೊಸೆ ಪುಸ್ತಕವನ್ನು ಓದಿದಾಗ ಕಾರಣ ತಿಳಿಯಿತು. ಮೀಸಲು ಪಡೆಯಲ್ಲಿದ್ದಾಗ ತರಬೇತಿಯ ಕರೆಗೆ ಸಕಾರಣವಿಲ್ಲದೆ ಹಾಜರಾಗಲಿಲ್ಲ, ಆದುದರಿಂದ ಇವರ ಸೇವೆ ಇನ್ನು ಬೇಕಿಲ್ಲ ಎಂದು 1969ರಲ್ಲಿ ಬರೆದು ಮುದ್ರೆಯೊತ್ತಲಾಗಿತ್ತು.

ಇಂದಿನ ಓದುಗರಿಗೆ ಮೀಸಲು ಪಡೆಯ ವ್ಯವಸ್ಥೆ ಅಷ್ಟಾಗಿ ಪರಿಚಿತವಿರಲಾರದು. ಆ ಕಾಲದಲ್ಲಿ ಸಿಪಾಯಿಯಾಗಿ ಸೇರಿದವರು ಸಾಮಾನ್ಯವಾಗಿ ಏಳು ವರ್ಷ ದಳದಲ್ಲಿ ಸೇವೆ ಸಲ್ಲಿಸಿ, ಮುಂದಿನ ಎಂಟು ವರ್ಷ ಮೀಸಲು ಪಟ್ಟಿಯಲ್ಲಿ ಇರುತ್ತಿದ್ದರು. ಮೀಸಲಿನಲ್ಲಿರುವವನು ಊರಿನಲ್ಲಿ ಬೇಸಾಯವನ್ನೋ ಕೂಲಿಯನ್ನೋ ಮಾಡಿಕೊಂಡಿದ್ದು, ಕರೆ ಬಂದಾಗ ತರಬೇತಿಗೆ, ಯುದ್ಧ ಒದಗಿದರೆ ಯುದ್ಧಕ್ಕೆ ಹೋಗಬೇಕು. 1888ರ ಮೀಸಲು ಪಡೆಗಳ ಕಾಯಿದೆಯ ಪ್ರಕಾರ ಸಮಂಜಸ ಕಾರಣವಿಲ್ಲದೆ ಹೋಗದಿರುವುದು ದಂಡನೀಯ ಅಪರಾಧ. ಎರಡೂ ಸೇವೆ ಸೇರಿ ಹದಿನೈದು ವರ್ಷ ತುಂಬಿದರೆ ಮೀಸಲು ಸೈನಿಕನ ಪಿಂಚಣಿಗೆ ಅರ್ಹತೆ ಬರುತ್ತಿತ್ತು. ನಮ್ಮ ಹಿರಿಯರು 1957ರಲ್ಲಿ ಸೇರಿ 1964ರಲ್ಲಿ ಮೀಸಲಿಗೆ ಬಂದವರು. ದಳದ ಸೇವೆಯ ಅವಧಿಗೆ ಅವರ ನಡತೆ ‘ಬಹಳ ಉತ್ತಮ’ ಎಂದೇ ಪುಸ್ತಕದಲ್ಲಿ ನಮೂದಾಗಿತ್ತು. ಅಂಥವನು ಐದೇ ವರ್ಷಗಳಲ್ಲಿ ಕರೆಗೆ ಓಗೊಡದವನಾದದ್ದು ಹೇಗೆ?

ಉತ್ತರವಿದ್ದುದು ಸೈನ್ಯದ ಕಡತದಲ್ಲಲ್ಲ, ಶರಾವತಿಯ ನೀರಿನಲ್ಲಿ. ಅವರ ಹುಟ್ಟೂರು ಸಾಗರ ತಾಲ್ಲೂಕಿನ ಒಂದು ಚಿಕ್ಕ ಗ್ರಾಮ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, ಅನೇಕ ಹಳ್ಳಿಗಳೊಂದಿಗೆ ಆ ಗ್ರಾಮವೂ ಮುಳುಗಿತು. ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿಕೊಂಡು ಭದ್ರಾವತಿಯ ಕಡೆಗೆ ಬಂದರು. ಸೈನ್ಯದ ದಾಖಲೆಯಲ್ಲಿ ಮಾತ್ರ ವಿಳಾಸ ಹಳೆಯದೇ ಉಳಿಯಿತು. ಕರೆಯ ಓಲೆ ಹೋದದ್ದು ಜಲಾಶಯದ ತಳದಲ್ಲಿದ್ದ ಊರಿಗೆ! ವಿಳಾಸ ಬದಲಾದುದನ್ನು ತಿಳಿಸುವ ಹೊಣೆ ಸೈನಿಕನದೇ ಎಂಬುದು ನಿಜ. ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ಓಲೆ ಕೈಗೆ ಬಾರದವನು, ಬಂದ ಓಲೆಯನ್ನು ಕಡೆಗಣಿಸಿದವನು, ಈ ಇಬ್ಬರೂ ಒಂದೇ ಅಲ್ಲ.

ಆ ಸಾಲು ಮನೆಗೆ ಮಾಡಿದ ಹಾನಿ ಸಣ್ಣದಲ್ಲ. ಪುಸ್ತಕವನ್ನು ತೋರಿಸಿದರೆ ಕಳಂಕವೂ ಕಾಣುತ್ತದೆಂದು ಹೆದರಿದ ಅವರು, ತಾವು ಮಾಜಿ ಸೈನಿಕರೆಂಬುದನ್ನೇ ಬಚ್ಚಿಟ್ಟು ಕಬ್ಬಿಣದ ಕಾರ್ಖಾನೆಯಲ್ಲಿ ಏನೂ ಅರಿಯದ ಹೊಸ ಕೂಲಿಯಂತೆ ಸೇರಿದರು. ಸೈನಿಕರಿಗೆಂದು ಇದ್ದ ಯಾವ ಸೌಲಭ್ಯವನ್ನೂ ಕೇಳಲಿಲ್ಲ. ಮಗನೊಬ್ಬ ಸೈನ್ಯಕ್ಕೆ ಸೇರುವೆನೆಂದಾಗ ಬೈದು ಕೂರಿಸಿದರಂತೆ. ನಿತ್ಯ ಇಷ್ಟಲಿಂಗಪೂಜೆ ತಪ್ಪಿಸದ, ಕಾಯಕದಲ್ಲಿ ಒಂದು ದಿನವೂ ತಡವಾಗಿ ಹೋಗದ ಮನುಷ್ಯ ಇಪ್ಪತ್ತನಾಲ್ಕು ವರ್ಷ ಒಂದು ಸಾಲನ್ನು ಪಂಚೆಗಳ ಅಡಿಯಲ್ಲಿ ಅಡಗಿಸಿಟ್ಟಿದ್ದರು.

1950ರ ಸೈನ್ಯ ಕಾಯಿದೆಯ 23ನೆಯ ಪ್ರಕರಣವನ್ನು ನಾವು ಓದಿದ್ದು ಆಗಲೇ. ಸೇವೆಯಿಂದ ಬಿಡುಗಡೆಯಾಗುವ ಪ್ರತಿಯೊಬ್ಬ ಸಿಪಾಯಿಗೂ ಯಾರ ಅಧಿಕಾರದಿಂದ ಸೇವೆ ಕೊನೆಗೊಂಡಿತು, ಯಾವ ಕಾರಣಕ್ಕೆ, ಒಟ್ಟು ಎಷ್ಟು ಕಾಲ ಸೇವೆ ಎಂಬ ಮೂರು ಸಂಗತಿಗಳನ್ನು ತಿಳಿಸುವ ಪ್ರಮಾಣಪತ್ರವನ್ನು ಇಂಗ್ಲಿಷಿನಲ್ಲಿ ಮಾತ್ರವಲ್ಲ, ಅವನ ಮಾತೃಭಾಷೆಯಲ್ಲಿಯೂ ಕೊಡಬೇಕೆಂದು ಅಲ್ಲಿದೆ. ಈ ಪುಸ್ತಕದಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ತನ್ನ ಮೇಲಿನ ಆಪಾದನೆಯ ಪೂರ್ಣ ಒಕ್ಕಣೆ ಅವರಿಗೆ ಎಂದಾದರೂ ತಿಳಿದಿತ್ತೋ ಇಲ್ಲವೋ ಎಂಬ ಸಂದೇಹ ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ಮಠದಲ್ಲಿ ತಾಳೆಗರಿ ಓದಿ ಬೆಳೆದ ನಮಗೆ ಪಾಠದೋಷವನ್ನು ಕಂಡರೆ ಸುಮ್ಮನಿರಲಾಗದು. ಓಲೆಯನ್ನು ಪ್ರತಿಮಾಡಿದವನು ಕೊನೆಯಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ಬೇಡುವುದುಂಟು. ಕಚೇರಿಯ ಲಿಪಿಕಾರರಲ್ಲಿ ಆ ವಾಡಿಕೆಯಿಲ್ಲ. ಗ್ರಂಥ ಸಂಪಾದನೆಯಲ್ಲಿಯಂತೆ ಇಲ್ಲಿಯೂ ಬೇಕಾದುದು ಮತ್ತೊಂದು ಪ್ರತಿ, ಅದಕ್ಕಿಂತ ಹಳೆಯ ಪ್ರತಿ. ಶಿವಮೊಗ್ಗದ ಸೈನಿಕ ಕಲ್ಯಾಣ ಕಚೇರಿಯಲ್ಲಿ ನಿವೃತ್ತ ಹವಾಲ್ದಾರರೊಬ್ಬರು ದಾರಿ ತೋರಿದರು. ಮುಳುಗಡೆಯಾದ ಜಮೀನಿನ ಪರಿಹಾರದ ಪತ್ರ, ಪುನರ್ವಸತಿಯ ಹಕ್ಕುಪತ್ರ, ಮಗಳ ಶಾಲಾ ದಾಖಲಾತಿ, ಇವುಗಳ ದಿನಾಂಕಗಳನ್ನು ಕರೆಯೋಲೆಯ ದಿನಾಂಕದ ಪಕ್ಕದಲ್ಲಿಟ್ಟು ತಾಯಿಯವರ ಹೆಸರಿನಲ್ಲಿ ದಳದ ದಾಖಲೆ ಕಚೇರಿಗೆ ಬಿನ್ನವತ್ತಳೆ ಬರೆದೆವು. ಕರುಣೆಯನ್ನು ಬೇಡಲಿಲ್ಲ, ದಿನಾಂಕಗಳನ್ನು ನೋಡಿರೆಂದು ಮಾತ್ರ ಕೇಳಿದೆವು.

ಮೂರು ಬಾರಿ ಬರೆದ ಮೇಲೆ, 1994ರ ಕೊನೆಯಲ್ಲಿ ಉತ್ತರ ಬಂದಿತು. ‘ಸಕಾರಣವಿಲ್ಲದೆ’ ಎಂಬ ಮಾತನ್ನು ತೆಗೆಯಲಾಗಿದೆ, ಕರೆ ತಲುಪದ ಕಾರಣ ಬಿಡುಗಡೆ ಎಂದು ತಿದ್ದಲಾಗಿದೆ ಎಂಬ ಎರಡು ಸಾಲು. ಸೇವೆ ಹನ್ನೆರಡು ವರ್ಷವಷ್ಟೇ ಆಗಿದ್ದುದರಿಂದ ಪಿಂಚಣಿ ಬರಲಿಲ್ಲ. ಆ ತಾಯಿ ಅದನ್ನು ಎರಡು ಸಲ ಓದಿಸಿ ಕೇಳಿದರು. ಮೂರನೆಯ ಸಲ ಓಣಿಯವರನ್ನೂ ಕರೆದು ಓದಿಸಿದರು.

ಆ ಸಾಲನ್ನು ತಿದ್ದಿಸಲು ಸಾಧ್ಯವಾದದ್ದು ಮೂಲ ಕಡತ ಇನ್ನೂ ಇದ್ದುದರಿಂದ. ಪಿಂಚಣಿಯಿಲ್ಲದವರ ಸೇವಾ ಕಡತಗಳನ್ನು ಸೈನ್ಯ ಇಪ್ಪತ್ತೈದು ವರ್ಷ ಇರಿಸಿಕೊಂಡು ಅನಂತರ ನಾಶಮಾಡುತ್ತದೆ. 1969ಕ್ಕೆ ಇಪ್ಪತ್ತೈದನ್ನು ಕೂಡಿಸಿ ನೋಡಿರಿ. ಅಂದು ಕಡತವಿತ್ತು, ಆದರೆ ಮೊರೆಯಿಡಲು ಹೈಕೋರ್ಟಿನ ಹೊರತು ಬೇರೆ ಪೀಠವಿರಲಿಲ್ಲ. ಇಂದು ಪೀಠವಿದೆ, ಹಳಬರ ಕಡತವಿಲ್ಲ. ಆದುದರಿಂದ ಅನೇಕ ಮನೆಗಳಲ್ಲಿ ಪೆಟ್ಟಿಗೆಯೊಳಗಿನ ಪುಸ್ತಕವೇ ಉಳಿದಿರುವ ಏಕೈಕ ಪ್ರತಿ.

ಆ ಪೀಠ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯಿದೆಯಿಂದ ಹುಟ್ಟಿ 2009ರಲ್ಲಿ ಕಾರ್ಯಾರಂಭ ಮಾಡಿತು. ಕರ್ನಾಟಕದವರಿಗೆ ಕೊಚ್ಚಿಯ ಪ್ರಾದೇಶಿಕ ಪೀಠ. ನಿವೃತ್ತರು ಮಾತ್ರವಲ್ಲದೆ ಅವರ ಅವಲಂಬಿತರೂ ವಾರಸುದಾರರೂ ಅಲ್ಲಿ ಅರ್ಜಿ ಹಾಕಬಹುದು. ಮೊದಲು ದಾಖಲೆ ಕಚೇರಿಗೆ ಬರೆಯಬೇಕು. ಅಂತಿಮ ಉತ್ತರ ಬಂದ ಆರು ತಿಂಗಳೊಳಗೆ ಪೀಠವನ್ನು ಸೇರಬೇಕು. ತಡವಾದರೆ ಸಾಕಷ್ಟು ಕಾರಣ ತೋರಿಸಿ ಮನ್ನಣೆ ಕೇಳಲು ಅವಕಾಶವಿದೆ. 1983ರಲ್ಲಿ ಅನಾರೋಗ್ಯದಿಂದ ಸೈನ್ಯ ಬಿಟ್ಟ ತರ್ಸೆಮ್ ಸಿಂಗ್ ಎಂಬವರು ಹೈಕೋರ್ಟಿಗೆ ಹೋದದ್ದು 1999ರಲ್ಲಿ. ಪಿಂಚಣಿಯಂಥದು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯವಾದ್ದರಿಂದ ವಿಳಂಬವೊಂದರಿಂದಲೇ ಅದನ್ನು ತಳ್ಳಿಹಾಕಲಾಗದು, ಆದರೆ ಹಿಂಬಾಕಿ ಮೂರು ವರ್ಷಕ್ಕೆ ಸೀಮಿತ ಎಂದು ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪಿತ್ತಿತು.

ಬಿಡುಗಡೆ ಎಂದರೆಲ್ಲ ಒಂದೇ ಎಂದು ನಮ್ಮ ಜನ ತಿಳಿದಿದ್ದಾರೆ. ವಜಾ ಬೇರೆ, ಬಿಡುಗಡೆ ಬೇರೆ. ವಜಾ ಆದವನಿಗೆ ಸಾಮಾನ್ಯವಾಗಿ ಪಿಂಚಣಿಯಿಲ್ಲ. ಬಿಡುಗಡೆಯಾದವನಿಗೆ ಅವಧಿ ತುಂಬಿದ್ದರೆ ಹಕ್ಕು ಉಳಿಯುತ್ತದೆ. 1954ರ ಸೈನ್ಯ ನಿಯಮಗಳ 13ನೆಯ ನಿಯಮ ಬಿಡುಗಡೆಯಲ್ಲಿಯೂ ಬಗೆಗಳನ್ನು ಹೇಳುತ್ತದೆ: ಅವಧಿ ಮುಗಿದು, ದೇಹ ಅಶಕ್ತವಾಗಿ, ತಾನಾಗಿ ಕೇಳಿಕೊಂಡು, ಮತ್ತು ಮೀಸಲಿನಲ್ಲಿ ಸ್ಥಾನ ಖಾಲಿಯಿಲ್ಲದೆ. ಈ ಕೊನೆಯದರಲ್ಲಿ ಸೈನಿಕನ ಲೋಪ ಎಳ್ಳಷ್ಟೂ ಇಲ್ಲ. ಆದರೂ ‘ಸ್ಥಾನವಿಲ್ಲ’ ಎಂಬುದನ್ನು ‘ಬೇಡವಾದ’ ಎಂದು ಓದಿ ತಲೆತಗ್ಗಿಸಿದ ಮನೆಗಳನ್ನು ನಾವು ಕಂಡಿದ್ದೇವೆ. ಅಂಥವರಿಗೆ ಬೇಕಾದುದು ವಕೀಲರಲ್ಲ, ಸರಿಯಾಗಿ ಓದಿ ಹೇಳುವವರು.

ಇವೆಲ್ಲಕ್ಕೂ ಹೊರತಾದ ಇನ್ನೊಂದು ಬಗೆಯಲ್ಲಿ ಕೆಂಪುಶಾಯಿಯ ನಮೂದುಗಳು ಬರುತ್ತವೆ. ರಜೆ ಮೀರಿ ಉಳಿದಂಥ ತಪ್ಪುಗಳಿಗೆ ಶಿಕ್ಷೆಯಾದಾಗ ನಡತೆಯ ಹಾಳೆಯಲ್ಲಿ ಕೆಂಪು ಬೀಳುತ್ತದೆ. ನಾಲ್ಕಾದರೆ ‘ಅನಪೇಕ್ಷಿತ’ನೆಂದು ಕಳುಹಿಸುವ ರೂಢಿಯಿತ್ತು. ನಾಲ್ಕಾಯಿತೆಂಬ ಲೆಕ್ಕವೊಂದೇ ಸಾಲದು, ಮೊದಲು ವಿಚಾರಣೆ ನಡೆಸಿ ಅವನ ಸೇವೆಯ ಅವಧಿಯನ್ನೂ ಕಷ್ಟದ ನೆಲೆಗಳಲ್ಲಿ ದುಡಿದುದನ್ನೂ ತೂಗಬೇಕು ಎಂದು ವೀರೇಂದ್ರ ಕುಮಾರ್ ದುಬೆ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು. ಮಲೆನಾಡಿನ ಮಳೆಯಲ್ಲಿ ದಾರಿ ಕಡಿದು ಮರಳಲಾಗದೆ ಉಳಿದವರನ್ನು ಬಲ್ಲ ನಮಗೆ ಆ ಮಾತು ಹಿತವೆನಿಸಿತು.

ಅಮೆರಿಕೆಯಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೂ ಒಂದು ಮಾತು. ಅಲ್ಲಿ ಬಿಡುಗಡೆಗೆ ‘ಗೌರವಯುತ’ ಮೊದಲಾದ ದರ್ಜೆಗಳೇ ಇವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೀಲಿ ಕಾಗದದ ಮೇಲೆ ಕೊಟ್ಟ ಬಿಡುಗಡೆಯಿಂದ ಅನೇಕರು, ಅದರಲ್ಲೂ ತಮ್ಮ ಸಂಖ್ಯೆಯ ಪ್ರಮಾಣಕ್ಕಿಂತ ಹೆಚ್ಚಾಗಿ ಕಪ್ಪುಜನರು, ಸವಲತ್ತುಗಳನ್ನೂ ಉದ್ಯೋಗವನ್ನೂ ಕಳೆದುಕೊಂಡರು. 1947ರಲ್ಲಿ ಅದನ್ನು ನಿಲ್ಲಿಸಲಾಯಿತು. ದರ್ಜೆಯ ಪುನರ್ವಿಮರ್ಶೆಗೆ 1944ರ ಕಾನೂನಿನಿಂದಲೂ ದಾಖಲೆ ತಿದ್ದುಪಡಿಗೆ 1946ರ ಕಾನೂನಿನಿಂದಲೂ ಅಲ್ಲಿ ಮಂಡಳಿಗಳು ಏರ್ಪಟ್ಟಿವೆ.

ನಮ್ಮಲ್ಲಿ ಇನ್ನೊಂದು ತೊಡಕು ಹೆಸರಿನದು. ಶಿವಲಿಂಗಪ್ಪ ದಾಖಲೆಯಲ್ಲಿ ಲಿಂಗಪ್ಪನಾಗುತ್ತಾನೆ, ಗೌರಮ್ಮ ಗೌರಿಬಾಯಿಯಾಗುತ್ತಾಳೆ. ಇದು ಕಳಂಕವಲ್ಲವಾದರೂ ವಿಧವೆಯ ಅರ್ಜಿಯನ್ನು ವರ್ಷಗಟ್ಟಲೆ ತಡೆಯಬಲ್ಲದು. ಗಂಡ ಬದುಕಿರುವಾಗಲೇ ತಿದ್ದಿಸಿಕೊಳ್ಳುವುದು ಸುಲಭ.

ಸೈನಿಕರಿದ್ದ ಮನೆಯವರು ಆ ಪುಸ್ತಕವನ್ನು ಹೊರತೆಗೆದು ಕಾರಣದ ಸಾಲನ್ನೂ ನಡತೆಯ ಸಾಲನ್ನೂ ಯಾರಿಂದಲಾದರೂ ಓದಿಸಿಕೊಳ್ಳಲಿ. ಮೂಲದ ಮೇಲೆ ಪೆನ್ನಿನಿಂದ ಏನನ್ನೂ ಬರೆಯಬಾರದು, ಪ್ಲಾಸ್ಟಿಕ್ ಅಂಟಿಸಬಾರದು. ಎರಡು ಪ್ರತಿ ತೆಗೆಸಿ ಒಂದನ್ನು ಶಿವಮೊಗ್ಗದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಒಯ್ದು ತೋರಿಸಿರಿ. ಕಡತ ಇನ್ನೂ ಇರಬಹುದಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅದರ ಪ್ರತಿಗಾಗಿ ದಳದ ದಾಖಲೆ ಕಚೇರಿಗೆ ಬರೆಯಿರಿ. ಅರ್ಜಿಯಲ್ಲಿ ಸೈನಿಕನ ಸಂಖ್ಯೆ, ದಳ, ಸೇರಿದ ಮತ್ತು ಬಿಟ್ಟ ದಿನಾಂಕ ಇರಲೇಬೇಕು. ಈ ನಾಲ್ಕೂ ಆ ಪುಸ್ತಕದಲ್ಲಿಯೇ ಇರುತ್ತವೆ.