ಒಬ್ಬನ ಗೋಡೆ, ಹಲವರ ಹಾಡು

1977ರಲ್ಲಿ ಮಾಂಟ್ರಿಯಲ್ ನಗರದ ಸಂಗೀತ ಕಛೇರಿಯೊಂದರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ರೋಜರ್ ವಾಟರ್ಸ್ ಅಭಿಮಾನಿಯೊಬ್ಬನ ಮೇಲೆ ಉಗುಳಿದರು. ಆಮೇಲೆ ತಮ್ಮ ವರ್ತನೆಗೆ ತಾವೇ ನಾಚಿದರು. ಕೇಳುಗರಿಗೂ ತಮಗೂ ನಡುವೆ ಗೋಡೆ ಎದ್ದಿದೆ ಎಂಬ ಆ ಅರಿವೇ 1979ರ ‘ದಿ ವಾಲ್’ ಎಂಬ ಜೋಡಿ ಧ್ವನಿಮುದ್ರಿಕೆಯ ಮೂಲ. 1944ರಲ್ಲಿ ಇಟಲಿಯ ರಣರಂಗದಲ್ಲಿ ಮಡಿದ ತಂದೆ, ದರ್ಪದ ಶಾಲೆ, ಮುರಿದ ದಾಂಪತ್ಯ, ಇವೆಲ್ಲ ಆ ಗೋಡೆಯ ಇಟ್ಟಿಗೆಗಳು.

ವಿಮರ್ಶಕರಲ್ಲಿ ಒಮ್ಮತವಿರಲಿಲ್ಲ. ಕೆಲವರು ಅದರ ಹರಹನ್ನು ಮೆಚ್ಚಿದರು. ಕೆಲವರಿಗೆ ಅದು ಸಿರಿವಂತ ಗಾಯಕನ ಗೋಳೆನಿಸಿತು. ಆದರೆ 1980ರಲ್ಲಿ ದಕ್ಷಿಣ ಆಫ್ರಿಕದ ಕರಿಯ ವಿದ್ಯಾರ್ಥಿಗಳು ವರ್ಣಭೇದದ ಶಿಕ್ಷಣವನ್ನು ಪ್ರತಿಭಟಿಸುತ್ತ ಅದರಲ್ಲಿದ್ದ ಶಾಲೆಯ ಹಾಡನ್ನೇ ಹಾಡಿದರು. ಸರ್ಕಾರ ಹಾಡನ್ನು ನಿಷೇಧಿಸಿತು. ಒಬ್ಬನ ಅಳಲು ತಮ್ಮದೂ ಹೌದೆಂದು ಆ ಮಕ್ಕಳಿಗೆ ಅನಿಸಿತ್ತು. ಇದನ್ನು ಯಾವ ವಿಮರ್ಶೆಯೂ ಮುಂಗಂಡಿರಲಿಲ್ಲ.